ನಾಲ್ಕು ತಿಂಗಳಲ್ಲಿ ಏನು ಬೆಳೆದೀತು?

ಹಿತ್ತಲಲ್ಲಿ ಮೆಂತ್ಯ ಚೆಲ್ಲಿ, ತಿಂಗಳೊಳಗೆ ಸೊಪ್ಪು ಕಿತ್ತು ಸಾರಿಗೆ ಹಾಕುವ ನಿಮಗೆ ‘ಇದೇನು ಮಹಾ ಪ್ರಶ್ನೆ’ ಅನ್ನಿಸಬಹುದು. ಆದರೆ ಕಳ್ಳತನವೋ ಹೊಡೆದಾಟವೋ ಮಾಡಿ ಸಿಕ್ಕಿಬಿದ್ದ 16ರ ಹುಡುಗನಿಗೆ ತೋಟದ ಕೆಲಸ ಕಲಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದೇ ಇದನ್ನು.

18 ತುಂಬದವರನ್ನು ಜೈಲಿಗೆ ಹಾಕುವಂತಿಲ್ಲ. ವಿಚಾರಣೆ ಮುಗಿಯುವತನಕ ಇರಿಸುವುದು ವೀಕ್ಷಣಾಲಯದಲ್ಲಿ. ನಮ್ಮ ಬಾಯಲ್ಲಿ ಅದಿನ್ನೂ ‘ರಿಮ್ಯಾಂಡ್ ಹೋಮು’. 2015ರ ಬಾಲನ್ಯಾಯ ಕಾಯ್ದೆಯಂತೆ ಈ ವಿಚಾರಣೆ ಸಾಮಾನ್ಯವಾಗಿ 4 ತಿಂಗಳಲ್ಲಿ ಮುಗಿಯಬೇಕು. ತಪ್ಪು ರುಜುವಾತಾದರೆ ವಿಶೇಷ ಗೃಹದಲ್ಲಿ 3 ವರ್ಷದವರೆಗೆ ಇರಿಸಬಹುದು. ಅಲ್ಲಿ ಓದಿನ ಜೊತೆ ಕಸುಬನ್ನೂ ಕಲಿಸಬೇಕು.

ಲೆಕ್ಕ ಹಾಕಿ ನೋಡಿ. ಹರಿವೆ, ಮೆಂತ್ಯಕ್ಕೆ ಒಂದು ತಿಂಗಳು ಸಾಕು. ಮೂಲಂಗಿ, ಬೆಂಡೆಗೆ ಒಂದೂವರೆ ಎರಡು ತಿಂಗಳು. ಟೊಮೆಟೊ ಮೂರು ತಿಂಗಳು ಹಿಡಿದೀತು. ತಾನು ಬಿತ್ತಿದ್ದನ್ನು ತಾನೇ ಕಿತ್ತು, ಅದು ರಾತ್ರಿ ಊಟದ ಪಲ್ಯವಾಗಿ ತಟ್ಟೆಗೆ ಬಿದ್ದರೆ ಆ ಹುಡುಗನಿಗೆ ಹೇಗನ್ನಿಸೀತು? ಅನ್ನ ಬಡಿಸುವ ಕೈ ನಿಮ್ಮದು, ನಾನು ಹೇಳಬೇಕಾಗಿಲ್ಲ.

ಆದರೆ ಸೊಪ್ಪು ಬೆಳೆಯಲು ಬಂದ ಮಾತ್ರಕ್ಕೆ ಸಂಬಳ ಬಾರದು. ವಿಶೇಷ ಗೃಹದಲ್ಲಿ ಹೆಚ್ಚು ದಿನ ಇರುವವರಿಗೆ ನರ್ಸರಿ ಕೆಲಸವನ್ನೇ ಕಲಿಸಬೇಕು. ಮಣ್ಣು, ಮರಳು, ಗೊಬ್ಬರ ಹದ ಮಾಡಿ ಚೀಲಕ್ಕೆ ತುಂಬುವುದು, ಮಾವಿಗೆ ಕಸಿ ಕಟ್ಟುವುದು, ದಾಳಿಂಬೆಗೆ ಗೂಟಿ ಕಟ್ಟುವುದು, ಎಷ್ಟು ಸಸಿ ಹೋಯಿತು, ಎಷ್ಟು ದುಡ್ಡು ಬಂತು ಎಂದು ಬರೆದಿಡುವುದು. ಕಸಿ ಬಲ್ಲವನಿಗೆ ಯಾವ ಊರಲ್ಲೂ ಕೆಲಸವುಂಟು. ಮೇಣದ ಬತ್ತಿ ಮಾಡಲು ಕಲಿಸಿ ಕೈ ತೊಳೆದುಕೊಂಡರೆ ಏನು ಬಂತು?

ಕಷ್ಟ ಶುರುವಾಗುವುದು ಹೊರಗೆ ಬಂದ ಮೇಲೆ. ‘ಅಯ್ಯೋ, ಅಲ್ಲಿದ್ದವನಾ? ಬೇಡಮ್ಮಾ’ ಅಂತೀವಿ. ಕಾನೂನು ನಮಗಿಂತ ಉದಾರಿ. ಬಾಲ್ಯದ ತಪ್ಪು ಮುಂದಿನ ನೌಕರಿಗೆ ಅಡ್ಡ ಬರಬಾರದು, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶಮಾಡಬೇಕು ಅನ್ನುತ್ತದೆ. (16 ದಾಟಿ, ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥರೆನಿಸಿಕೊಂಡವರ ಮಾತು ಬೇರೆ.) ಹೀಗಿರುವಾಗ ಕಸುಬಿನ ಸರ್ಟಿಫಿಕೇಟಿನ ಮೇಲೆ ಆ ಗೃಹದ ಹೆಸರು ಅಚ್ಚಾದರೆ ಕಾನೂನು ಅಳಿಸಿದ್ದನ್ನು ನಾವೇ ಮತ್ತೆ ಬರೆದಂತೆ. ತರಬೇತಿ ಕೊಟ್ಟ ಸಂಸ್ಥೆಯ ಹೆಸರಷ್ಟೇ ಇರಲಿ.

ನಿಮಗೆ ಹೊಲಿಗೆಯೋ ಕಸಿಯೋ ಗೊತ್ತಿದ್ದು, ವಾರಕ್ಕೊಂದು ಮಧ್ಯಾಹ್ನ ಬಿಡುವಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಒಪ್ಪಿಗೆಯಿಲ್ಲದೆ ಒಳಗೆ ಹೋಗುವಂತಿಲ್ಲ. ಮಕ್ಕಳ ಫೋಟೋ ತೆಗೆಯುವಂತಿಲ್ಲ, ಹೆಸರು ಹೊರಗೆ ಆಡುವಂತಿಲ್ಲ. ವೀಕ್ಷಣಾಲಯಕ್ಕೆ ಬೀಜ ಕೊಡುವುದಾದರೆ ಹರಿವೆ, ಮೆಂತ್ಯವನ್ನೇ ಕೊಡಿ. ತೆಂಗಿನ ಸಸಿ ಕೊಟ್ಟರೆ ಅದು ಕಾಯಿ ಬಿಡುವ ಹೊತ್ತಿಗೆ ಹುಡುಗನಿಗೆ ಮದುವೆಯಾಗಿರುತ್ತದೆ!