ಬಿ.ಪಿ. ಇದ್ದವರ ಮನೆಯ ಬೇಕಿಂಗ್: ಉಪ್ಪಿನ ಲೆಕ್ಕಕ್ಕೆ ಸೋಡಾ ಸೇರಿಸಿದ್ದೀರಾ?



ಓವನ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕೇಕು, ಬನ್ನು, ಬಿಸ್ಕತ್ತು ಮನೆಯಲ್ಲೇ ಆಗುತ್ತಿವೆ. ಒಳ್ಳೆಯದೇ. ಸಕ್ಕರೆ ಎಷ್ಟು, ಯಾವ ಎಣ್ಣೆ ಎಂಬುದು ನಮ್ಮ ಕೈಯಲ್ಲಿರುತ್ತದೆ. ಆದರೆ ಮನೆಯಲ್ಲಿ ಬಿ.ಪಿ. ಇರುವವರಿದ್ದರೆ ಒಂದು ಪದಾರ್ಥ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಅದು ಅಡುಗೆ ಸೋಡಾ.

ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದ ಕೂಡಲೇ ನಾವು ಉಪ್ಪಿನಕಾಯಿ, ಹಪ್ಪಳ ಬಿಡುತ್ತೇವೆ. ಅವರು ಕಡಿಮೆ ಮಾಡಿಸುತ್ತಿರುವುದು ಸೋಡಿಯಂ. ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ 5 ಗ್ರಾಂ ಉಪ್ಪಿನೊಳಗೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲೇ ಸುಮಾರು 1,250 ಮಿಲಿಗ್ರಾಂ ಸೋಡಿಯಂ ಇದೆ! ನಾಲಿಗೆಗೆ ಉಪ್ಪೆನಿಸದ ಕಾರಣ ಯಾರಿಗೂ ನೆನಪಾಗುವುದಿಲ್ಲ. ಬೇಕಿಂಗ್ ಪೌಡರ್‌ನಲ್ಲೂ, ಢೋಕ್ಲಾಕ್ಕೆ ಹಾಕುವ ಫ್ರೂಟ್ ಸಾಲ್ಟ್‌ನಲ್ಲೂ ಸೋಡಾ ಇದ್ದೇ ಇದೆ. ಒಂದು ಕಪ್ ಹಿಟ್ಟಿಗೆ ಕಾಲು ಟೀ ಚಮಚ ಸೋಡಾ ಸಾಕು. ಕಣ್ಣಂದಾಜಿನಲ್ಲಿ ಸುರಿಯಬೇಡಿ.

ಸೋಡಾ ಬೇಡವೇ ಬೇಡ ಎಂದರೆ ಯೀಸ್ಟ್ ಇದೆ. ಊರಿನ ಅಯ್ಯಂಗಾರ್ ಬೇಕರಿಯ ಖಾರ ಬನ್ ನೆನಪಿದೆಯಲ್ಲ? ಅದನ್ನೇ ಮಾಡಿ. 250 ಗ್ರಾಂ ಗೋಧಿ ಹಿಟ್ಟು (ಮೊದಲ ಸಲವಾದರೆ ಅರ್ಧ ಮೈದಾ), ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಅಷ್ಟೇ ಸಕ್ಕರೆ, ಎರಡು ದೊಡ್ಡ ಚಮಚ ಎಣ್ಣೆ, ಅರ್ಧ ಟೀ ಚಮಚ ಉಪ್ಪು. ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಚೆನ್ನಾಗಿ ನಾದಿ, ಎರಡರಷ್ಟು ಉಬ್ಬುವವರೆಗೆ ಮುಚ್ಚಿಡಿ. ಮುಂಬೈ, ಚೆನ್ನೈ ಸೆಕೆಗೆ ಒಂದು ಗಂಟೆ ಸಾಕು. ದೆಹಲಿಯ ಚಳಿಗಾಲದಲ್ಲಿ ಎರಡು ಗಂಟೆಯೂ ಬೇಕಾದೀತು. ಎಂಟು ಉಂಡೆ ಮಾಡಿ, ಇನ್ನೊಮ್ಮೆ ಅರ್ಧ ಗಂಟೆ ಬಿಟ್ಟು, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಒಂದು ಬನ್ನಿಗೆ ಸುಮಾರು 150 ಮಿಲಿಗ್ರಾಂ ಸೋಡಿಯಂ ಬೀಳುತ್ತದೆ.

ಉಪ್ಪು ಇಷ್ಟು ಇಳಿದರೆ ಸಪ್ಪೆಯಾಗದೇ? ಅಲ್ಲೇ ಕುಂಡದ ಸೊಪ್ಪು ಕೈಹಿಡಿಯುವುದು. ನಾದುವಾಗ ಒಂದು ಹಿಡಿ ಸಬ್ಬಸಿಗೆ, ಕರಿಬೇವು, ಎರಡು ಹಸಿಮೆಣಸಿನಕಾಯಿ ಹೆಚ್ಚಿ ಸೇರಿಸಿ. ಸಬ್ಬಸಿಗೆ ಬೀಜ ಉದುರಿಸಿದರೆ ಐದಾರು ವಾರದಲ್ಲಿ ಕೊಯ್ಲಿಗೆ ಬರುತ್ತದೆ. ನನ್ನ ಆಯ್ಕೆ ಮಾತ್ರ ದೊಡ್ಡಪತ್ರೆ. ಒಂದು ಕಡ್ಡಿ ನೆಟ್ಟರೆ ಸಾಕು, ಬೇಡವೆಂದರೂ ಬೆಳೆಯುತ್ತದೆ. ಪಿಜ್ಜಾ ಮೇಲಿನ ಒರೆಗಾನೋಗೆ ಘಮ ಕೊಡುವ ಕಾರ್ವಕ್ರಾಲ್ ಇದರಲ್ಲೂ ಇದೆ, ದುಡ್ಡು ಕೊಟ್ಟು ಪೊಟ್ಟಣ ತರುವುದೇಕೆ? ಎಲೆಯಲ್ಲಿ ನೀರಿನಂಶ ಜಾಸ್ತಿ. ಹೆಚ್ಚಿ, ಬಾಣಲೆಯಲ್ಲಿ ಬಾಡಿಸಿ, ಆರಿಸಿ ಹಾಕಿ. ಇಲ್ಲದಿದ್ದರೆ ಹಿಟ್ಟು ಕೈಗೆ ಅಂಟುತ್ತದೆ.

ಮುಂಬೈ, ಪುಣೆಯ ಬಾಲ್ಕನಿಗಳಲ್ಲಿ ಪಾರಿವಾಳದ ಕಾಟ ಗೊತ್ತೇ ಇದೆ. ಕುಂಡಕ್ಕೆ ಬಲೆ ಕಟ್ಟಿ, ಎಲೆಗಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ.

ಇನ್ನೊಂದು ಎಚ್ಚರ. ಹಸಿ ಸೊಪ್ಪನ್ನೋ ಬೆಳ್ಳುಳ್ಳಿಯನ್ನೋ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿ ಹೊರಗಿಡುವ ವಿಡಿಯೋಗಳು ಓಡಾಡುತ್ತಿವೆ. ಹಾಗೆ ಮಾಡಬೇಡಿ. ಗಾಳಿಯಾಡದ ಎಣ್ಣೆಯೊಳಗೆ ಬೊಟುಲಿಸಂ ತರುವ ಪ್ರಾಣಾಪಾಯದ ವಿಷ ಹುಟ್ಟಬಹುದು. ವಾಸನೆಯಿಂದ, ರುಚಿಯಿಂದ ಅದು ಗೊತ್ತಾಗುವುದಿಲ್ಲ. ಬೇಕಾದಷ್ಟೇ ಮಾಡಿ, ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ.

'ಲೋ ಸೋಡಿಯಂ' ಉಪ್ಪು ತರುವ ಮುನ್ನ ಡಾಕ್ಟರನ್ನು ಕೇಳಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ.