‘ಚೆನ್ನಾಗಿಲ್ಲ’ ಅಂದ್ರೆ ಏನ್ ಮಾಡೋದು? ಫೀಡ್‌ಬ್ಯಾಕ್‌ಗೊಂದು ಲೆಕ್ಕದ ಪುಸ್ತಕ

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹಿಂದೆ ಕುಕ್ಕರ್ ವಿಷಲ್ ಕೇಳಿಸಿದ್ರೆ ಕ್ಷಮಿಸಿ. ಬನಶಂಕರಿಯಲ್ಲಿರೋ ನಮ್ಮನೆ ರೂಮೇ ನನ್ನ ಸ್ಟುಡಿಯೋ. ಬೀರು ಬಾಗಿಲು ತೆಗೆದು, ಒಳಗಿರೋ ಬಟ್ಟೆಗಳ ಕಡೆ ಮುಖ ಮಾಡ್ಕೊಂಡು ಮಾತಾಡ್ತೀನಿ, ಎಕೋ ಬರಬಾರ್ದು ಅಂತ. ಹೊರಗಿಂದ ನೋಡಿದವರಿಗೆ ನಾನು ಶರ್ಟುಗಳಿಗೆ ಭಾಷಣ ಮಾಡ್ತಿರೋ ಹಾಗೆ ಕಾಣುತ್ತೆ.

ಇವತ್ತಿನ ವಿಷಯ ಸ್ವಲ್ಪ ನನ್ನದೇ. ನೀವು ಚಿತ್ರ ಬರೀಬಹುದು, ರೀಲ್ಸ್ ಮಾಡಬಹುದು, ಕಥೆ ಬರೀಬಹುದು, ಹಾಡಬಹುದು. ಮಾಡಿದ್ದನ್ನ ಯಾರಿಗೋ ತೋರಿಸ್ತೀರಾ. ಅವರು ಏನೋ ಅಂತಾರೆ. ಆ ಮಾತನ್ನ ಏನ್ ಮಾಡ್ಬೇಕು? ಎದೆಗೆ ಹಾಕ್ಕೋಬೇಕಾ, ಕಸಕ್ಕೆ ಹಾಕ್ಬೇಕಾ?

ಮೊದಲು ನನಗಾದದ್ದು ಹೇಳ್ತೀನಿ. ಪಾಡ್‌ಕ್ಯಾಸ್ಟ್ ಶುರು ಮಾಡಿದಾಗ ನಾನು ಒಂದು ಆಡಿಟ್ ಆಫೀಸಿನ ಕೆಲಸ ಬಿಟ್ಟಿದ್ದೆ. ಕೈಯಲ್ಲಿದ್ದದ್ದು ಎಂಟು ತಿಂಗಳಿಗಾಗೋ ಉಳಿತಾಯ. ಅಪ್ಪ ಜಗಳ ಆಡ್ಲಿಲ್ಲ. ಊಟಕ್ಕೆ ಕೂತಾಗ ಮಾತ್ರ, “ಸಿಎ ಇಂಟರ್ ಇನ್ನೊಂದು ಸಲ ಬರೆದು ನೋಡಪ್ಪ” ಅನ್ನೋರು. ಅಮ್ಮ ಪ್ರತಿ ಸಂಚಿಕೆ ಕೇಳಿ, “ಚೆನ್ನಾಗಿದೆ ಕಣೋ” ಅನ್ನೋಳು. ಬಿಟಿಎಂ ಲೇಔಟ್ ಪಿಜಿಯಲ್ಲಿರೋ ಗೆಳೆಯ ಕೇಳದೇನೇ “ಸೂಪರ್ ಮಗಾ” ಅಂತ ಬೆಂಕಿ ಎಮೋಜಿ ಹಾಕೋನು.

ಹನ್ನೊಂದನೇ ಸಂಚಿಕೆಗೆ ಒಬ್ಬ ಅಪರಿಚಿತರಿಂದ ಕಾಮೆಂಟ್ ಬಂತು. “ಮಾಹಿತಿ ಚೆನ್ನಾಗಿದೆ ಬ್ರೋ. ಆದ್ರೆ ನೀವು ಮಾತಾಡ್ತಿಲ್ಲ, ಓದ್ತಿದ್ದೀರಾ. ನಾಲ್ಕು ನಿಮಿಷಕ್ಕೆ ನಿಲ್ಲಿಸಿಬಿಟ್ಟೆ.”

ಅಷ್ಟೇ. ಬೈಗುಳ ಇಲ್ಲ, ವ್ಯಂಗ್ಯ ಇಲ್ಲ. ಆದ್ರೂ ನನಗೆ ಕೇಳಿಸಿದ್ದು ಬೇರೇನೇ. “ನಿನ್ನ ಕೈಲಿ ಆಗಲ್ಲ, ಹೋಗಿ ಸಿಎ ಬರಿ” ಅಂತ ಕೇಳಿಸ್ತು. ಕಾಮೆಂಟ್ ಡಿಲೀಟ್ ಮಾಡಿ, ಅವರನ್ನ ಬ್ಲಾಕ್ ಮಾಡಿದೆ. ಆಮೇಲೆ ಮೂರು ತಿಂಗಳು ಒಂದೇ ಒಂದು ಸಂಚಿಕೆ ಮಾಡ್ಲಿಲ್ಲ.

ಒಂದಿನ ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ ಕಡೆ ಹೊರಟಿದ್ದೆ. ಇಯರ್‌ಫೋನ್ ಹಾಕ್ಕೊಂಡು ಅದೇ ಹನ್ನೊಂದನೇ ಸಂಚಿಕೆ ಕೇಳೋಕೆ ಶುರು ಮಾಡಿದೆ. ಆರ್‌.ವಿ. ರೋಡ್ ಆಯ್ತು, ಜಯನಗರ ಬಂತು. ನೋಡ್ತೀನಿ, ನನ್ನ ಹೆಬ್ಬೆರಳು ತಾನಾಗೇ ಫಾರ್ವರ್ಡ್ ಬಟನ್ ಮೇಲಿದೆ! ನನ್ನ ಮಾತು ನನಗೇ ಬೋರ್ ಆಗ್ತಿತ್ತು. ಟೈಮ್ ನೋಡಿದ್ರೆ ನಾಲ್ಕು ನಿಮಿಷ ಆಗಿತ್ತು.

ಕಾಮರ್ಸ್ ಹುಡುಗನ ಪರಿಹಾರ

ನಾನು ಓದಿದ್ದು ಬಿ.ಕಾಂ. ಕಾಮರ್ಸ್ ಓದಿದವರಿಗೆ ಅಕೌಂಟ್ಸ್‌ನ ಮೊದಲ ಪಾಠ ನೆನಪಿರುತ್ತೆ. ಖಾತೆಗಳಲ್ಲಿ ಮೂರು ಥರ: ಪರ್ಸನಲ್, ರಿಯಲ್, ನಾಮಿನಲ್. ಯಾವ ವ್ಯವಹಾರ ಆದ್ರೂ ಮೊದಲು ಅದು ಯಾವ ಖಾತೆಗೆ ಸೇರುತ್ತೆ ಅಂತ ನೋಡ್ಬೇಕು. ತಪ್ಪು ಖಾತೆಗೆ ಬರೆದ್ರೆ ಲೆಕ್ಕ ಎಲ್ಲೋ ಒಂದು ಕಡೆ ಕೈಕೊಡುತ್ತೆ. ನಾನು ಮಾಡಿದ್ದು ಅದೇ. ಕೆಲಸದ ಬಗ್ಗೆ ಬಂದ ಮಾತನ್ನ ನನ್ನ ಹೆಸರಿನ ಖಾತೆಗೆ ಬರ್ಕೊಂಡಿದ್ದೆ.

ಆಗಿಂದ ಬಂದ ಪ್ರತಿಯೊಂದು ಮಾತನ್ನೂ ಈ ಮೂರರಲ್ಲಿ ಒಂದಕ್ಕೆ ಹಾಕ್ತೀನಿ.

ಒಂದು: ನಾಮಿನಲ್ ಖಾತೆ

ಖರ್ಚು, ಆದಾಯ, ಲಾಭ, ನಷ್ಟ ಇದರಲ್ಲಿ ಬರುತ್ತೆ. ವರ್ಷದ ಕೊನೆಗೆ ಈ ಖಾತೆಗಳನ್ನ ಮುಚ್ತಾರೆ, ಮುಂದಿನ ವರ್ಷಕ್ಕೆ ಒಯ್ಯಲ್ಲ. ಲೈಕ್ಸ್, ವ್ಯೂಸ್, “ಸೂಪರ್”, “ಬೋರು”, ಬೆಂಕಿ ಎಮೋಜಿ ಎಲ್ಲ ಇಲ್ಲಿಗೆ. ಖುಷಿಯಾದ್ರೆ ಖುಷಿಪಡಿ, ಬೇಜಾರಾದ್ರೆ ಒಂದು ಕಾಫಿ ಕುಡೀರಿ. ಆದ್ರೆ ಆ ದಿನಕ್ಕೇ ಮುಚ್ಚಿಬಿಡಿ.

ಹಣ ಹಾಕೋರು “ಬೇಡ” ಅನ್ನೋದೂ ಎಷ್ಟೋ ಸಲ ಇದೇ ಖಾತೆ. ಅದು ಅವರ ಲಾಭ-ನಷ್ಟದ ಲೆಕ್ಕ. ‘ಲೂಸಿಯಾ’ ಸಿನಿಮಾ ನೆನಪಿದೆಯಲ್ಲ? ಪವನ್ ಕುಮಾರ್ 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶಿಸಿದ ಮೇಲೂ ಈ ಕಥೆಗೆ ನಿರ್ಮಾಪಕರು ಸಿಗೋದು ಕಷ್ಟ ಆಯ್ತು. ಅವರು ತಮ್ಮ ಪಾಡನ್ನ ಬ್ಲಾಗ್‌ನಲ್ಲಿ ಬರೆದ್ರು, ನೇರವಾಗಿ ಪ್ರೇಕ್ಷಕರನ್ನೇ ಕೇಳಿದ್ರು. 110 ಜನ ಸೇರಿ 27 ದಿನದಲ್ಲಿ ಸುಮಾರು 50 ಲಕ್ಷ ರೂಪಾಯಿ ಹಾಕಿದ್ರು. 2013ರಲ್ಲಿ ಸಿನಿಮಾ ಬಂತು, ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿನೂ ಪಡೀತು. “ಇದು ಓಡಲ್ಲ” ಅನ್ನೋದನ್ನ “ಇದು ಚೆನ್ನಾಗಿಲ್ಲ” ಅಂತ ಅವರು ಅನುವಾದ ಮಾಡ್ಕೊಳ್ಳಲಿಲ್ಲ. ನಾವು ಮಾಡೋ ದೊಡ್ಡ ತಪ್ಪೇ ಆ ಅನುವಾದ.

ಎರಡು: ಪರ್ಸನಲ್ ಖಾತೆ

ಇದರ ನಿಯಮ: ಪಡೆದವರನ್ನ ಡೆಬಿಟ್ ಮಾಡಿ, ಕೊಟ್ಟವರನ್ನ ಕ್ರೆಡಿಟ್ ಮಾಡಿ. ಅಂದ್ರೆ, ಮಾತು ಕೊಟ್ಟವರು ಯಾರು ಅಂತ ನೋಡಿ. ಅವರಿಗೆ ಈ ಕೆಲಸ ಗೊತ್ತಾ? ನಿಮ್ಮ ಕೆಲಸವನ್ನ ಪೂರ್ತಿ ನೋಡಿದ್ದಾರಾ? ನೀವು ಬೆಳೆದ್ರೆ ಅವರಿಗೆ ಸಂತೋಷವಾ?

ಮೈಸೂರಿನ ಆರ್‌.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಬಾಂಬೆಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಅರ್ಜಿ ಹಾಕಿದ್ರು. ಸೇರಿಸ್ಕೊಳ್ಳೋವಷ್ಟು ಪ್ರತಿಭೆ ಇಲ್ಲ ಅಂತ ಉತ್ತರ ಬಂತು. ಆ ಮಾತಲ್ಲಿ ಯಾವ ಗೆರೆ ತಪ್ಪು ಅಂತ ಇರಲಿಲ್ಲ, ಏನು ಕಲೀಬೇಕು ಅಂತಲೂ ಇರಲಿಲ್ಲ. ಬರೀ ತೀರ್ಪು. ಲಕ್ಷ್ಮಣ್ ಮೈಸೂರಲ್ಲೇ ಬಿ.ಎ. ಓದ್ತಾ ಪತ್ರಿಕೆಗಳಿಗೆ ಬರೀತಾ ಹೋದ್ರು. ಆಮೇಲೆ ಅದೇ ಬಾಂಬೆಯ ಪತ್ರಿಕೆಯಿಂದ ಅವರ ‘ಕಾಮನ್ ಮ್ಯಾನ್’ ದೇಶಕ್ಕೇ ಪರಿಚಯ ಆದ.

“ನಿನ್ನಲ್ಲಿ ಪ್ರತಿಭೆ ಇಲ್ಲ” ಅನ್ನೋ ಮಾತು ಬಂದ್ರೆ, ಅದರಿಂದ ನಾಳೆ ಬೆಳಿಗ್ಗೆ ನೀವು ಮಾಡೋಕಾಗೋ ಕೆಲಸ ಏನಾದ್ರೂ ಇದೆಯಾ ನೋಡಿ. ಇಲ್ಲ ಅಂದ್ರೆ ಅದು ಕೊಟ್ಟವರ ಖಾತೆಯಲ್ಲೇ ಇರ್ಲಿ. ಬೈಗುಳಕ್ಕಂತೂ ಎಂಟ್ರಿಯೇ ಬೇಡ.

ಮೂರು: ರಿಯಲ್ ಖಾತೆ

ಇದೇ ಅಸಲಿ ಆಸ್ತಿ. ಒಳಗೆ ಬಂದದ್ದು ಡೆಬಿಟ್, ಹೊರಗೆ ಹೋದದ್ದು ಕ್ರೆಡಿಟ್. ಕೆಲಸಕ್ಕೆ ಏನು ಒಳಗೆ ಬರ್ಬೇಕು, ಏನು ಹೊರಗೆ ಹೋಗ್ಬೇಕು ಅಂತ ಹೇಳೋ ಮಾತು ಇಲ್ಲಿಗೆ ಸೇರುತ್ತೆ. ಈ ಖಾತೆ ವರ್ಷದ ಕೊನೆಗೆ ಮುಚ್ಚಲ್ಲ, ಬಾಕಿ ಮುಂದಕ್ಕೆ ಹೋಗುತ್ತೆ.

ಕನ್ನಡದಲ್ಲಿ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಕುವೆಂಪು. ಅವರು ಬರವಣಿಗೆ ಶುರು ಮಾಡಿದ್ದು ಇಂಗ್ಲಿಷ್‌ನಲ್ಲಿ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಅನ್ನೋ ಇಂಗ್ಲಿಷ್ ಕವನ ಪುಸ್ತಕವೂ ಬಂದಿತ್ತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ಹುಡುಗ ಪುಟ್ಟಪ್ಪ ತನ್ನ ಕವಿತೆ ಹಿಡ್ಕೊಂಡು ಹೋದ್ರು. ಕಸಿನ್ಸ್ ನೋಡಿ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಅಂತ ಕೇಳಿದ್ರು, ಕನ್ನಡದಲ್ಲಿ ಬರೀರಿ ಅಂದ್ರು. ಹುಡುಗನಿಗೆ ಮೆಚ್ಚುಗೆ ಬೇಕಿತ್ತು, ಸಿಕ್ಕಿದ್ದು ಇದು. ನಿರಾಸೆ ಆಯ್ತು, ಸಿಟ್ಟೂ ಬಂತು. ಆದ್ರೆ ಮಾತು ಒಳಗೆ ಉಳೀತು. ಕನ್ನಡದಲ್ಲಿ ಬರೆಯೋಕೆ ಶುರು ಮಾಡಿದ್ರು. ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಬಂತು, 1967ರ ಸಾಲಿನಲ್ಲಿ ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂತು.

ಇಲ್ಲಿ ಎರಡು ವಿಷಯ ಗಮನಿಸಿ. ಕಸಿನ್ಸ್ “ನೀನು ಕವಿ ಅಲ್ಲ” ಅನ್ನಲಿಲ್ಲ, ದಾರಿ ಆ ಕಡೆ ಇದೆ ಅಂದ್ರು. ಇನ್ನೊಂದು, ಕುವೆಂಪು ಅವರಂಥವರಿಗೂ ಮೊದಲು ಸಿಟ್ಟೇ ಬಂತು. ಹಾಗಾಗಿ ನಿಮಗೆ ಸಿಟ್ಟು ಬಂದ್ರೆ ನೀವು ಕೆಟ್ಟ ಕಲಾವಿದ ಅಂತಲ್ಲ. ಆ ಸಿಟ್ಟಲ್ಲಿ ಡಿಲೀಟ್ ಬಟನ್ ಒತ್ತಬೇಡಿ, ಅಷ್ಟೇ.

ನಮ್ಮ ಏರಿಯಾದವರ ಕಥೆ ಇನ್ನೊಂದು. ಜೆ.ಪಿ. ನಗರದಲ್ಲಿ ಬಹಳ ವರ್ಷ ಇದ್ದ ಗಿರೀಶ್ ಕಾರ್ನಾಡರಿಗೂ ಇಂಗ್ಲಿಷ್ ಕವಿ ಆಗೋ ಆಸೆ ಇತ್ತು. ಆಕ್ಸ್‌ಫರ್ಡ್‌ಗೆ ಹೊರಡೋ ಹೊತ್ತಲ್ಲಿ ಬರೆದ ‘ಯಯಾತಿ’ ಮಾತ್ರ ಕನ್ನಡದಲ್ಲಿ ಬಂತು. ಅದನ್ನ ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸ್ತು. ಆಮೇಲೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ, ಬರ್ನಾರ್ಡ್ ಷಾ, ಬ್ರೆಕ್ಟ್ ಥರ ಇತಿಹಾಸವನ್ನ ಎದುರಿಸಿದ ನಾಟಕ ನಮ್ಮಲ್ಲಿಲ್ಲ ಅಂತ ಬರೆದ್ರು. ಅದು ಕಾರ್ನಾಡರನ್ನ ಬೈದದ್ದಲ್ಲ, ಖಾಲಿ ಜಾಗ ತೋರಿಸಿದ್ದು. ಕಾರ್ನಾಡರು ಅದನ್ನ ಸವಾಲಾಗಿ ತಗೊಂಡ್ರು. 1964ರಲ್ಲಿ ‘ತುಘಲಕ್’ ಬಂತು. ಆಗ ಅವರಿಗೆ 26 ವರ್ಷ, ಈಗಿನ ನನಗಿಂತ ಚಿಕ್ಕವರು! ಒಳ್ಳೆ ಫೀಡ್‌ಬ್ಯಾಕ್ ಯಾವಾಗಲೂ ನಿಮ್ಮ ತಪ್ಪಿನ ಪಟ್ಟಿ ಆಗಿರ್ಬೇಕಿಲ್ಲ. ಯಾರೂ ಮಾಡದೇ ಬಿಟ್ಟಿರೋ ಕೆಲಸದ ವಿಳಾಸವೂ ಆಗಿರಬಹುದು.

ಒಂದು ಎಚ್ಚರಿಕೆ. ಇವೆಲ್ಲ ಗೆದ್ದವರ ಕಥೆ. ಅದಕ್ಕೇ ನಮಗೆ ಗೊತ್ತು. ಸಲಹೆ ಕೇಳಿ ಹಾಳಾದವರು, ಕೇಳದೇ ಹಾಳಾದವರು, ಒಂದು ಮಾತಿಗೆ ನಿಲ್ಲಿಸಿಬಿಟ್ಟವರು ಎಷ್ಟೋ ಜನ ಇರ್ತಾರೆ, ಅವರ ಬಗ್ಗೆ ಯಾರೂ ಪಾಡ್‌ಕ್ಯಾಸ್ಟ್ ಮಾಡಲ್ಲ. ಹಾಗಾಗಿ “ವಿಮರ್ಶಕರು ಯಾವಾಗಲೂ ಸರಿ” ಅಂತಾಗಲಿ, “ಯಾರ ಮಾತೂ ಕೇಳಬೇಡಿ” ಅಂತಾಗಲಿ ನಾನು ಹೇಳ್ತಿಲ್ಲ. ಖಾತೆ ಸರಿಯಾಗಿ ಬರೀರಿ ಅಂತಿದ್ದೀನಿ.

ಹೆಪ್ಪು ಹಾಕಿದ ಮೇಲೆ ಮುಚ್ಚಳ ತೆಗೀಬೇಡಿ

ಇನ್ನೊಂದು ಪ್ರಶ್ನೆ: ಯಾವಾಗ ತೋರಿಸ್ಬೇಕು? ಹಾಲಿಗೆ ಹೆಪ್ಪು ಹಾಕಿ, ಹತ್ತು ನಿಮಿಷಕ್ಕೊಂದು ಸಲ ಅಲ್ಲಾಡಿಸಿ ನೋಡಿದ್ರೆ ಮೊಸರು ಕಟ್ಟಲ್ಲ. ಐಡಿಯಾನೂ ಹಾಗೇ. ಅರ್ಧ ಆಗಿರೋದನ್ನ ಸ್ಟೇಟಸ್‌ಗೆ ಹಾಕಿದ್ರೆ, ಬಂದ ನಾಲ್ಕು ಎಮೋಜಿಗೇ ಮಾಡೋ ಹುಮ್ಮಸ್ಸು ಖಾಲಿ ಆಗುತ್ತೆ. ಈಗ ನಾನು ಬೆಳಿಗ್ಗೆ ಒಂದು ಗಂಟೆ ಫೋನ್ ಪಕ್ಕದ ರೂಮಲ್ಲಿಟ್ಟು ಬರೀತೀನಿ. ಆಗ ತಿದ್ದೋದಿಲ್ಲ. ತಿದ್ದೋದು ಸಂಜೆ. ಹುಟ್ಟಿಸೋ ಹೊತ್ತೂ ತೂಗೋ ಹೊತ್ತೂ ಬೇರೆ ಬೇರೆ ಇರ್ಲಿ.

ಮೊದಲ ಕರಡು ಒಬ್ಬರಿಗೆ ಮಾತ್ರ ಕಳಿಸ್ತೀನಿ. “ಹೇಗಿದೆ?” ಅಂತ ಕೇಳಲ್ಲ. ಹಾಗೆ ಕೇಳಿದ್ರೆ “ಚೆನ್ನಾಗಿದೆ” ಅನ್ನದೇ ಅವರಿಗೆ ಬೇರೆ ದಾರಿ ಇರಲ್ಲ. “ಎಲ್ಲಿ ಗಮನ ಬೇರೆ ಕಡೆ ಹೋಯ್ತು? ಎಲ್ಲಿ ಅರ್ಥ ಆಗ್ಲಿಲ್ಲ?” ಅಂತ ಕೇಳ್ತೀನಿ. ಅಮ್ಮನಿಗೂ ಹೀಗೇ ಕೇಳಿದೆ. ಥಟ್ಟನೆ ಹೇಳಿದ್ಳು: “ನೀನು ಫೋನಲ್ಲಿ ಫ್ರೆಂಡ್ಸ್ ಜೊತೆ ಮಾತಾಡೋ ಥರ ಇಲ್ಲ ಕಣೋ. ಬ್ಯಾಂಕಿನವರು ಮಾತಾಡೋ ಹಾಗಿರುತ್ತೆ.” ಆ ಅಪರಿಚಿತರು ಹೇಳಿದ್ದೂ ಅದೇ! ಅಮ್ಮನಿಗೆ ಮೊದಲಿಂದ ಗೊತ್ತಿತ್ತು. ನಾನು ಕೇಳಿರಲಿಲ್ಲ.

ಫೀಡ್‌ಬ್ಯಾಕ್ ಅಭ್ಯಾಸ ಆಗ್ಬೇಕು ಅಂದ್ರೆ ಜೆ.ಪಿ. ನಗರ ಎರಡನೇ ಹಂತದ ರಂಗಶಂಕರಕ್ಕೆ ಹೋಗಿ. ಶಂಕರ್ ನಾಗ್ ನೆನಪಲ್ಲಿ ಅರುಂಧತಿ ನಾಗ್ ಕಟ್ಟಿದ್ದು, 2004ರಲ್ಲಿ ಶುರುವಾಯ್ತು. ನಾಟಕ ಶುರುವಾದ ಮೇಲೆ ಒಳಗೆ ಬಿಡಲ್ಲ, ಹಾಗಾಗಿ ಬೇಗ ಹೋಗಿ. ಒಂದೇ ನಾಟಕವನ್ನ ಎರಡು ಪ್ರದರ್ಶನ ನೋಡಿ. ಜನ ಕೆಮ್ಮಿದ ಜಾಗ, ಸೀಟಲ್ಲಿ ಅಲ್ಲಾಡಿದ ಜಾಗ, ಉಸಿರು ಬಿಗಿಹಿಡಿದ ಜಾಗ, ಎಲ್ಲ ನಟರಿಗೆ ವೇದಿಕೆ ಮೇಲೇ ಗೊತ್ತಾಗುತ್ತೆ. ಮುಂದಿನ ಪ್ರದರ್ಶನದಲ್ಲಿ ಏನು ಬದಲಾಯ್ತು ಅಂತ ನೋಡಿ. ಬನಶಂಕರಿ ಎರಡನೇ ಹಂತದಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಇದೆ, 1971ರಲ್ಲಿ ಶುರುವಾದದ್ದು. ಅಲ್ಲಿ ಸಿನಿಮಾ ನೋಡಿ, ಆಮೇಲೆ ಜನ ಅದರ ಬಗ್ಗೆ ಮಾತಾಡೋದನ್ನ ಕೇಳಿ. ಬೇರೆಯವರ ಕೆಲಸದ ಬಗ್ಗೆ ಮಾತು ಕೇಳ್ತಾ ಕೇಳ್ತಾ ನಮ್ಮ ಕೆಲಸದ ಬಗ್ಗೆ ಕೇಳೋ ಗಟ್ಟಿತನ ಬರುತ್ತೆ.

ಕೊನೆಯದಾಗಿ, ನನ್ನ ಬಾಕಿ

ಇಲ್ಲಿವರೆಗೆ ತಗೊಳ್ಳೋ ಬಗ್ಗೆ ಹೇಳಿದೆ. ಕೊಡೋ ಬಗ್ಗೆಯೂ ಒಂದು ಮಾತಿದೆ. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮಗಳು ಜಯನಗರ ಕಾಂಪ್ಲೆಕ್ಸ್ ಹತ್ರ ಸಿಕ್ಕಾಗ ಬ್ಯಾಗಿಂದ ಒಂದು ಪುಸ್ತಕ ತೆಗೆದು, “ಅಣ್ಣ, ನೋಡು” ಅಂದ್ಳು. ಅಜ್ಜಿ ಮನೆ ಬಗ್ಗೆ ಬರೆದ ಕಾಮಿಕ್ಸ್. ನಾನು ಫೋನ್ ನೋಡ್ತಾನೇ ನಾಲ್ಕು ಪುಟ ತಿರುಗಿಸಿ, “ಇದ್ರಲ್ಲಿ ಹೊಸದೇನಿದೆ?” ಅಂದೆ. ಅವಳು ನಕ್ಕು ಪುಸ್ತಕ ಒಳಗಿಟ್ಳು. ಆಮೇಲೆ ಅವಳು ಏನನ್ನೂ ತೋರಿಸಿಲ್ಲ. ಬರೀತಿದ್ದಾಳಾ ಅಂತಲೂ ನನಗೆ ಗೊತ್ತಿಲ್ಲ.

ಈ ಸಂಚಿಕೆ ತಯಾರಿ ಮಾಡ್ತಾ ನನಗೆ ತಿಳಿದದ್ದು ಇದು. ನನಗೆ ಕಾಮೆಂಟ್ ಹಾಕಿದ ಅಪರಿಚಿತರು ನಾಲ್ಕು ನಿಮಿಷ ಕೇಳಿದ್ರು, ಎಲ್ಲಿ ನಿಲ್ಲಿಸಿದ್ರು, ಯಾಕೆ ನಿಲ್ಲಿಸಿದ್ರು ಅಂತ ಹೇಳಿದ್ರು. ನಾನು ಸ್ವಂತ ತಂಗಿಗೆ ಅಷ್ಟೂ ಕೊಡಲಿಲ್ಲ.

ಆ ಅಪರಿಚಿತರನ್ನ ಅನ್‌ಬ್ಲಾಕ್ ಮಾಡಿದ್ದೀನಿ. ಕೇಳ್ತಿದ್ರೆ ಥ್ಯಾಂಕ್ಸ್, ಸಾರಿ, ಎರಡೂ. ತಂಗಿಗೆ ನಿನ್ನೆ ರಾತ್ರಿ ಮೆಸೇಜ್ ಹಾಕಿದೆ: “ಅವತ್ತು ನಾನು ಸರಿಯಾಗಿ ನೋಡ್ಲೇ ಇಲ್ಲ. ಆ ಪುಸ್ತಕ ಇನ್ನೂ ಇದ್ರೆ, ಕೂತು ಓದ್ಬೇಕು.” ಬ್ಲೂ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.

ಈ ವಾರ ನೀವೂ ಒಂದು ಕೆಲಸ ಮಾಡಿ. ಯಾರಾದ್ರೂ ತಾವು ಮಾಡಿದ್ದನ್ನ ತೋರಿಸಿದ್ರೆ ಫೋನ್ ಪಕ್ಕಕ್ಕಿಟ್ಟು ಪೂರ್ತಿ ನೋಡಿ. ಆಮೇಲೆ ಹಿಡಿಸಿದ್ದು ಒಂದು, ಎಡವಿದ್ದು ಒಂದು, ಜಾಗ ತೋರಿಸಿ ಹೇಳಿ.

ಈ ಸಂಚಿಕೆ ಎಲ್ಲಿ ಬೋರ್ ಆಯ್ತು ಅಂತ ನನಗೂ ಬರೀರಿ, ನಿಮಿಷದ ಸಮೇತ. ಡಿಲೀಟ್ ಮಾಡಲ್ಲ. ಮುಂದಿನ ವಾರ ಸಿಗೋಣ.