ಸೋಬರ್: ಅಮಲಿಲ್ಲದವನಿಂದ ಸಂಭಾವಿತನವರೆಗೆ

‘ಸೋಬರ್’ ಎಂಬ ಇಂಗ್ಲಿಷ್ ಗುಣವಾಚಕದ ಮೊದಲ ಅರ್ಥ ‘ಅಮಲೇರದ’ ಎಂಬುದು. ಲ್ಯಾಟಿನ್ನಿನ ‘ಸೋಬ್ರಿಯಸ್’ ಇದರ ಮೂಲ. ಅದು ಕುಡಿದು ಮತ್ತೇರಿದವನನ್ನು ಸೂಚಿಸುವ ‘ಏಬ್ರಿಯಸ್’ಗೆ ವಿರುದ್ಧ ಪದ. ಹಳೆಯ ಫ್ರೆಂಚ್ ಮೂಲಕ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಅರ್ಥ ಹಿಗ್ಗಿತು. ಕುಡಿತದಲ್ಲಿನ ಹಿಡಿತವು ಮಾತು, ಸಿಟ್ಟು, ಖರ್ಚು, ಉಡುಪುಗಳಿಗೂ ಹಬ್ಬಿ, ಸಮಚಿತ್ತದ ಮನುಷ್ಯ ಸೋಬರ್ ಎನಿಸಿಕೊಂಡ. ಕಣ್ಣಿಗೆ ಹೊಡೆಯದ ಬಣ್ಣ, ಉತ್ಪ್ರೇಕ್ಷೆಯಿಲ್ಲದ ಅಂದಾಜುಗಳಿಗೂ ಅದೇ ವಿಶೇಷಣ ಅಂಟಿತು.

ಇಂಗ್ಲಿಷಿನಲ್ಲಿ ಅರ್ಥವನ್ನು ಹೆಚ್ಚಾಗಿ ನಿರ್ಧರಿಸುವುದು ಪದದ ಸ್ಥಾನ. ‘ಎ ಸೋಬರ್ ಮ್ಯಾನ್’ ಎಂದಾಗ ಸ್ವಭಾವದ ಮಾತು. ‘ಹಿ ಈಸ್ ಸೋಬರ್’ ಎಂದಾಗ ಆತ ಸದ್ಯ ಕುಡಿದಿಲ್ಲ ಎಂದೇ ಕೇಳುವವರು ಸಾಮಾನ್ಯವಾಗಿ ತಿಳಿಯುತ್ತಾರೆ.

ಕನ್ನಡದ ಆಡುಮಾತಿಗೆ ಬರುವಾಗ ಕುಡಿತದ ಅರ್ಥ ಬಹುಮಟ್ಟಿಗೆ ಹಿಂದೆಯೇ ಉಳಿಯಿತು. ಗದಗ-ಬೆಟಗೇರಿಯ ಸೀರೆ ಅಂಗಡಿಯಲ್ಲಿ ‘ಇಷ್ಟು ಗಾಢ ಬ್ಯಾಡ್ರಿ, ಸೋಬರ್ ಕಲರ್ ತೋರಸ್ರಿ’ ಎಂದರೆ ಬೂದು, ತಿಳಿಗಂದು, ಮಾಸಲು ಹಸಿರಿನ ಸೀರೆಗಳು ಮುಂದೆ ಬರುತ್ತವೆ. ಕನ್ಯೆ-ವರ ನೋಡುವ ಮನೆಯಲ್ಲಿ ‘ಹುಡುಗ ಭಾಳ ಸೋಬರ್ ಅದಾನ್ರಿ’ ಎಂದರೆ ಒಳ್ಳೆಯ ಶಿಫಾರಸು. ಅದನ್ನೇ ಇಂಗ್ಲಿಷಿಗೆ ತಿರುಗಿಸಿದರೆ, ಹುಡುಗ ಕುಡಿತ ಬಿಟ್ಟವನೇ ಎಂಬ ಸಂಶಯ ಪರದೇಶದ ಕೇಳುಗನಿಗೆ ಬಂದೀತು.

ಈ ಗುಣಕ್ಕೆ ಗದಗ ಸೀಮೆಯಲ್ಲಿ ಪದಗಳ ಕೊರತೆಯೇನೂ ಇರಲಿಲ್ಲ. ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ತಿರುಳ್ಗನ್ನಡದ ನೆಲವೆಂದು ‘ಕವಿರಾಜಮಾರ್ಗ’ದ ಕಾಲದಿಂದಲೂ ಹೆಸರಾದದ್ದು. ಸಂಸ್ಥಾನಗಳ ಕಾಲದಲ್ಲಿ ಲಕ್ಷ್ಮೇಶ್ವರ ಮೀರಜಿಗೂ ಶಿರಹಟ್ಟಿ ಸಾಂಗ್ಲಿಗೂ ಸೇರಿದ್ದವು; ಗದಗ, ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಹೀಗಾಗಿ ಅಚ್ಚಗನ್ನಡದ ಜೊತೆಗೆ ಸಂಸ್ಕೃತ, ಮರಾಠಿ ಪದಗಳೂ ಇಲ್ಲಿ ಬೆರೆತಿವೆ. ನಡತೆಯಿಂದ ಮರ್ಯಾದೆ ಗಳಿಸಿದವನು ‘ಸಂಭಾವಿತ’. ವಯಸ್ಸು, ಅನುಭವಗಳಿಂದ ಮಾಗಿದವನು ‘ಪೋಕ್ತ ಮನಿಷ್ಯಾ’. ಮರಾಠಿಯಲ್ಲೂ ಈ ಪದವಿದೆ. ಅಳೆದು ಮಾತಾಡುವವನು ‘ತೂಕದ ಮನಿಷ್ಯಾ’. ಇಪ್ಪತ್ತೈದರ ಹುಡುಗ ಸಂಭಾವಿತನಾಗಬಲ್ಲ, ಪೋಕ್ತನೆನಿಸಿಕೊಳ್ಳುವುದು ಕಷ್ಟ. ಸೋಬರ್ ಪದಕ್ಕೆ ವಯಸ್ಸಿನ ಈ ಕಟ್ಟಿಲ್ಲ. ಓದಿದ ಮನೆಗಳಲ್ಲಿ ಅದು ಸಲೀಸಾಗಿ ನೆಲೆಯೂರಲು ಇದೂ ಒಂದು ಅನುಕೂಲ.

ಹತ್ತಿರದ ಇಂಗ್ಲಿಷ್ ಪದಗಳು ಇದಕ್ಕೆ ಬದಲಿಯಾಗಲಾರವು. ‘ಸೀರಿಯಸ್’ ಎಂದರೆ ಹಳ್ಳಿಯಲ್ಲಿ ಮೊದಲು ನೆನಪಾಗುವುದು ದವಾಖಾನೆ: ‘ಅಜ್ಜ ಸೀರಿಯಸ್ ಅದಾನ’. ‘ಸೊಂಬರ್’ನಲ್ಲಿ ಮಂಕು, ದುಃಖಗಳ ನೆರಳಿದೆ. ‘ಸ್ಟೇಡ್’ ಎಂಬುದು ಗಂಭೀರ ಸ್ವಭಾವವನ್ನೇ ಹೇಳಿದರೂ, ಹೊಸತನ್ನು ಒಲ್ಲದ ನೀರಸ ಮನುಷ್ಯ ಎಂಬ ಸಣ್ಣ ಕುಟುಕು ಅದರಲ್ಲಿರುತ್ತದೆ. ಸೋಬರ್‌ನಲ್ಲಿ ಮೆಚ್ಚುಗೆಯೇ ಹೆಚ್ಚು.

ಇಂಗ್ಲಿಷಿನಲ್ಲಿ ಹಳೆಯ ಅರ್ಥ ಇನ್ನೂ ಗಟ್ಟಿಯಾಗಿದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದಲ್ಲಿ ಕುಡಿತ ಬಿಟ್ಟು ಬಾಳುವುದೇ ಸೋಬರ್ ಬದುಕು. ಕನ್ನಡದಲ್ಲಿ ಅದಕ್ಕೆ ‘ವ್ಯಸನಮುಕ್ತ’ ಎಂಬ ಬೇರೆ ಪದವಿದೆ. ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ‘ಮಹಾಂತ ಜೋಳಿಗೆ’ಯ ಇಳಕಲ್ಲ ಮಹಾಂತ ಸ್ವಾಮಿಗಳ ಜನ್ಮದಿನ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಾಗುತ್ತದೆ.

ಆದ್ದರಿಂದ ಅನುವಾದದಲ್ಲಿ ಒಂದೇ ಪದ ಎಲ್ಲೆಡೆ ಸಾಲದು. ವ್ಯಕ್ತಿಗೆ ‘ಸಂಭಾವಿತ’ ಅಥವಾ ‘ಗಂಭೀರ’, ಬಣ್ಣಕ್ಕೆ ‘ತಿಳಿಯಾದ’, ಅಂದಾಜಿಗೆ ‘ವಾಸ್ತವಿಕ’, ಅಮಲಿಳಿದವನಿಗೆ ‘ಎಚ್ಚರದಲ್ಲಿರುವ’ ಎಂದರೆ ಅರ್ಥ ಸರಿಹೊಂದುತ್ತದೆ.